ಬೆಂಚು ಬಿಟ್ಟು ಏಳದ ಹುಡುಗಿ

ಎರಡು ವರ್ಷದ ಹಿಂದಿನ ಮಾತು. ಹತ್ತಿ ಬಿಡಿಸುವ ಕಾಲ. ಶಹಾಪುರ ಮತ್ತು ಸುರಪುರದ ನಡುವೆ ಇರುವ ನಮ್ಮ ಶಾಲೆಯ ಅರ್ಧ ಮಕ್ಕಳು ಹೊಲದಲ್ಲಿದ್ದರು. ಬಂದ ಅರ್ಧಕ್ಕೆ ನಾನು ಆರನೆಯ ತರಗತಿಯಲ್ಲಿ ಕಾಂತದ ಪಾಠ ಮಾಡುತ್ತಿದ್ದೆ. ಕಬ್ಬಿಣದ ಪುಡಿಯ ಮೇಲೆ ಕಾಂತ ಆಡಿಸಿ ತೋರಿಸಲು ಮೂರನೆಯ ಬೆಂಚಿನ ಹುಡುಗಿಯನ್ನು ಕರೆದೆ. ಏಳಲಿಲ್ಲ. ಮತ್ತೆ ಕರೆದೆ. ತಲೆ ತಗ್ಗಿಸಿಕೊಂಡು ಕುಳಿತೇ ಇದ್ದಳು. ಮೊದಲೇ ಮಾತು ಕಡಿಮೆಯ ಹುಡುಗಿ. ಹಾಜರಿ ಕೂಗಿದರೂ ಬಾಯಿ ಬಿಡದೆ ಕೈ ಎತ್ತುವವಳು. ನನಗೆ ಸಿಟ್ಟು ಬಂತು. 'ಕಿವಿ ಕೇಳಸ್ತಾವೊ ಇಲ್ಲೊ?' ಎಂದು ಜೋರು ಮಾಡಿದೆ. ಹುಡುಗರು ನಕ್ಕರು. ಅವಳ ಕಣ್ಣಿನಿಂದ ಹನಿ ಉದುರಿ ಪುಸ್ತಕದ ಮೇಲೆ ಬಿತ್ತು.

ಬಿಸಿಯೂಟದ ಗಂಟೆ ಬಾರಿಸಿದಾಗ ಎಲ್ಲರೂ ತಾಟು ಹಿಡಿದು ಓಡಿದರು. ಅವಳು ಮಾತ್ರ ಬೆಂಚು ಬಿಡಲಿಲ್ಲ. ಅಡುಗೆ ಮಾಡುವ ಅಕ್ಕ ಕಿಟಕಿಯಲ್ಲಿ ಇಣುಕಿ ನೋಡಿದವರೇ ಒಳಗೆ ಬಂದು, 'ಸರ, ನೀವು ಸ್ವಲ್ಪ ಹೊರಗ ನಡೀರಿ' ಎಂದರು. ಹೆಗಲ ಮೇಲಿನ ಟವೆಲನ್ನು ಹುಡುಗಿಯ ಸೊಂಟಕ್ಕೆ ಸುತ್ತಿ, ಕೈ ಹಿಡಿದು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದರು. ತಿರುಗಿ ಬಂದು ಒದ್ದೆ ಬಟ್ಟೆಯಿಂದ ಬೆಂಚು ಒರೆಸಿದರು. ನನ್ನ ಕಡೆ ನೋಡಲಿಲ್ಲ.

ಬಿ.ಎಸ್ಸಿ. ಓದಿದವನು, ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು ನಾನು. ಎದುರಿಗೆ ಕುಳಿತ ಮಗುವಿಗೆ ಏನಾಗಿದೆಯೆಂದು ತಿಳಿಯಲು ಅಕ್ಷರ ಬರದ ಅಡುಗೆಯವರೇ ಬೇಕಾದರು. ರಾತ್ರಿ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, 'ಕಪ್ಪಿ ಹೃದಯಕ್ಕ ಎಷ್ಟು ಕೋಣಿ ಅಂತ ಎಲ್ಲಾರಿಗೂ ಹೇಳ್ತೀರಿ. ಇದನ್ನ್ಯಾಕ ಹೇಳಿರಲಿಲ್ಲ?' ಎಂದು ಕೇಳಿದಳು.

ಉತ್ತರ ಇತ್ತು, ಆದರೆ ಹೇಳುವಂಥದಲ್ಲ. ನಾನು ಇಷ್ಟು ವರ್ಷ ಕಲಿಸಿದ ಪುಸ್ತಕದಲ್ಲಿ ಹದಿಹರೆಯದ ಪಾಠ ಬರುವುದು ಎಂಟನೆಯ ತರಗತಿಗೆ. ಮುಟ್ಟು ಬಹಳ ಹುಡುಗಿಯರಿಗೆ ಬರುವುದು ಹನ್ನೆರಡು-ಹದಿಮೂರಕ್ಕೆ, ಕೆಲವರಿಗೆ ಹತ್ತಕ್ಕೇ. ಮಳೆ ಬಂದು ಹೋದ ಮೇಲೆ ಕೊಡೆ ಕೊಟ್ಟಂತೆ. ಎಂಟನೆಯ ತರಗತಿಗೆ ಬಂದಾಗಲೂ ನಾನು ಆ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಿದವನೇ. ಗಂಡು ಮಾಸ್ತರ ಹೇಗೆ ಹೇಳುವುದು ಎಂಬ ನೆಪ ಇತ್ತಲ್ಲ.

ಹುಡುಗಿ ಮರುದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಹತ್ತನೆಯ ದಿನ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ತಂದೆ-ತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಟ್ಟಡದ ಕೆಲಸ. ಯಾದಗಿರಿ ಸ್ಟೇಷನ್ನಿನಲ್ಲಿ ರಾತ್ರಿ ಗಾಡಿಗೆ ಗಂಟುಮೂಟೆ ಹೊತ್ತು ನಿಂತ ಮಂದಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಮಗು ತಾಯಿಯ ತವರಿನಲ್ಲಿ, ಅಜ್ಜಿಯ ಹತ್ತಿರ ಇತ್ತು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿ ಒಳ್ಳೆಯವಳೇ. ಮೊಮ್ಮಗಳನ್ನು ಮೂಲೆಯಲ್ಲಿ ಕೌದಿ ಹಾಸಿ ಕೂಡಿಸಿದ್ದಳು. ಐದು ಮನೆಯ ಮುತ್ತೈದೆಯರು ಬಂದು ಆರತಿ ಮಾಡಿ ಉಡಿ ತುಂಬಿದ್ದರು. ಕೊಬ್ಬರಿ, ಬೆಲ್ಲ, ಅಂಟಿನ ಉಂಡಿ ಎಲ್ಲ ಕೊಟ್ಟಿದ್ದರು. ನಾಚುವ ಹುಡುಗಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ಯಾರಿಗೂ ತಿಳಿಯಬಾರದೆಂದು ಬೆಂಚು ಬಿಡದೆ ಕುಳಿತ ಸಂಗತಿ ಈಗ ಓಣಿಗೆಲ್ಲ ಗೊತ್ತಾಗಿತ್ತು.

'ಸಾಲಿಗಿ ಯಾವಾಗ ಕಳಸ್ತೀರಿ?' ಎಂದೆ.

'ದೊಡ್ಡಾಕಿ ಆದ್ಳಲ್ರಿ ಸರ. ಇನ್ನ ಸಾಲಿ ಯಾಕ್ರೀ?'

ಸೋದರಮಾವನ ಮಾತು ನಡೆದಿತ್ತು ಎಂದು ಆಮೇಲೆ ತಿಳಿಯಿತು. ಬೆದರಿಸಲು ನಾನು ಹೋಗಿರಲಿಲ್ಲ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕಾನೂನು ಏನು ಮಾಡುತ್ತದೆ, 1098ಕ್ಕೆ ಫೋನು ಮಾಡಿದರೆ ಯಾರು ಬರುತ್ತಾರೆ ಎಂಬುದನ್ನು ಬಾಗಿಲಲ್ಲಿ ನಿಂತಿದ್ದ ಮಾವನಿಗೆ ಮೆಲ್ಲಗೆ ಹೇಳಿದೆನಷ್ಟೆ. ಕೆಲಸ ಮಾಡಿದ್ದು ನನ್ನ ಮಾತಲ್ಲ, ಹೆಂಡತಿಯದು. 'ಆಯಿ, ನಿಮಗ ಮೊದಲನೇ ಸಲ ಆದಾಗ ಯಾರು ಹೇಳಿಕೊಟ್ಟಿದ್ರು?' ಎಂದು ಕೇಳಿದಳು. ಮುದುಕಿ ಒಂದು ಗಳಿಗೆ ಸುಮ್ಮನಿದ್ದು, 'ಯಾರ ಹೇಳ್ತಾರವ್ವ? ಹೊಟ್ಟ್ಯಾಗಿನ ಕರುಳ ಹರೀತು, ಇನ್ನ ಸಾಯ್ತೀನಿ ಅಂತ ಜ್ವಾಳದ ಹೊಲದಾಗ ಕುಂತು ಅತ್ತಿದ್ದೆ' ಎಂದಳು. ಮೂಲೆಯಲ್ಲಿದ್ದ ಹುಡುಗಿ ಮೊದಲ ಸಲ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಅವಳೂ ಹಾಗೆಯೇ ತಿಳಿದಿದ್ದಳು. ಅಪ್ಪ-ಅವ್ವ ಊರಲ್ಲಿಲ್ಲದಾಗ ಸಾಯುತ್ತೇನೆ ಎಂದು.

ಮಾತಿನಲ್ಲಿ ಹೇಳಲಾಗದ್ದನ್ನು ನಾನು ನೋಟಬುಕ್ಕಿನ ಎರಡು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಹೆಂಡತಿ ಓದಿದಳು, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಆಮೇಲೆ ಎಷ್ಟೋ ಹುಡುಗಿಯರಿಗೆ ಅದನ್ನು ನಕಲು ಮಾಡಿ ಕೊಟ್ಟಿದ್ದೇನೆ. ಇಲ್ಲಿಯೂ ಕೊಡುತ್ತೇನೆ:

"ಮಗಳೇ, ಮೊದಲು ನಿನ್ನ ಮಾಸ್ತರನನ್ನು ಕ್ಷಮಿಸು. ಗೊತ್ತಿಲ್ಲದೆ ಬೈದೆ.

ನಿನಗೆ ಗಾಯವಾಗಿಲ್ಲ, ರೋಗವೂ ಬಂದಿಲ್ಲ. ಹೊಕ್ಕಳ ಕೆಳಗೆ, ಹೊಟ್ಟೆಯ ಒಳಗೆ ಮುಷ್ಟಿಗಿಂತ ಸಣ್ಣದೊಂದು ಚೀಲ ಇದೆ. ಅದೇ ಗರ್ಭಕೋಶ. ಅದರ ಎರಡು ಪಕ್ಕದಲ್ಲಿ ಎರಡು ಅಂಡಾಶಯಗಳಿವೆ. ಸುಮಾರಾಗಿ ತಿಂಗಳಿಗೊಮ್ಮೆ ಒಂದು ಅಂಡ ಹೊರಬರುತ್ತದೆ. ಮುಂದೆ ಯಾವಾಗಲೋ ಮಗು ಬೆಳೆಯಬೇಕಾದರೆ ಬೇಕಾಗುತ್ತದೆ ಎಂದು ಗರ್ಭಕೋಶ ಒಳಗೆ ಮೆತ್ತನೆಯ ಪದರ ಹಾಸುತ್ತದೆ, ನಾವು ಅತಿಥಿಗೆ ಕೌದಿ ಹಾಸಿದ ಹಾಗೆ. ಅತಿಥಿ ಬರಲಿಲ್ಲವೆಂದರೆ ಹಾಸಿಗೆ ತೆಗೆಯಬೇಕಲ್ಲ. ಆ ಪದರ ಕಳಚಿ ರಕ್ತದ ಜೊತೆ ಹೊರಬರುತ್ತದೆ. ಅದೇ ಮುಟ್ಟು. ಮರಳಿ ಹೊಸದು ಹಾಸುತ್ತದೆ. ಹಾಸಿಗೆ ಸಿದ್ಧವಾಯಿತೆಂದರೆ ನೀನು ತಾಯಿಯಾಗಲು ಸಿದ್ಧಳಾದೆ ಎಂದು ಅರ್ಥವಲ್ಲ. ನಿನ್ನ ಮೂಳೆ ಇನ್ನೂ ಬೆಳೆಯಬೇಕು, ನೀನೂ ಬೆಳೆಯಬೇಕು.

ಬಹಳ ರಕ್ತ ಹೋಗುತ್ತದೆ ಎಂದು ಹೆದರಬೇಡ. ಬಟ್ಟೆಯ ಮೇಲೆ ಹೆಚ್ಚು ಕಾಣುತ್ತದೆ. ಅಳೆದರೆ ಸಾಮಾನ್ಯವಾಗಿ ಒಂದು ಸಲಕ್ಕೆ 30-40 ಮಿಲಿಲೀಟರು, ಹೋಟೆಲ್ಲಿನ ಅರ್ಧ ಕಪ್ಪು ಚಹಾದಷ್ಟು, ಅದೂ ಎರಡರಿಂದ ಏಳು ದಿನಗಳಲ್ಲಿ ಹಂಚಿಕೊಂಡು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುತ್ತದೆ. ಒಮ್ಮೆ 21 ದಿನಕ್ಕೆ, ಒಮ್ಮೆ 45 ದಿನಕ್ಕೆ ಬಂದೀತು. ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕಿ ಇಟ್ಟುಕೋ. ಏನೆಂದು ನಿನಗೆ ತಿಳಿದರೆ ಸಾಕು.

ಹೊಟ್ಟೆ ನೋಯುವುದು ಗರ್ಭಕೋಶದ ಸ್ನಾಯು ಹಿಂಡಿಕೊಳ್ಳುವುದರಿಂದ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಹೊಟ್ಟೆಯ ಮೇಲೆ ಇಟ್ಟುಕೋ. ಸ್ನಾನ ಮಾಡಬಹುದು, ಮಾಡಲೇಬೇಕು. ಕುಂಟಬಿಲ್ಲೆ ಆಡಬಹುದು. ಮೊಸರು, ಹುಳಿ, ಮೊಟ್ಟೆ ಏನು ಬೇಕಾದರೂ ತಿನ್ನಬಹುದು.

ಇನ್ನೊಂದು ಮಾತು. ನಿನ್ನ ಅಂಡಗಳು ಈಗ ಹುಟ್ಟಿದವಲ್ಲ. ನೀನು ನಿನ್ನ ಅವ್ವನ ಹೊಟ್ಟೆಯಲ್ಲಿದ್ದಾಗಲೇ ಲಕ್ಷಗಟ್ಟಲೆ ಅಂಡಗಳು ನಿನ್ನೊಳಗೆ ಮೂಡಿದ್ದವು. ಹಾಗೆಯೇ ಯಾವ ಅಂಡದಿಂದ ನೀನು ಆದೆಯೋ ಅದು ನಿನ್ನ ಅವ್ವ ನಿನ್ನ ಆಯಿಯ ಹೊಟ್ಟೆಯಲ್ಲಿದ್ದಾಗ ಮೂಡಿದ್ದು. ಎಂದರೆ ನಿನ್ನ ಆಯಿ ನಿನ್ನನ್ನೂ ಒಂದಷ್ಟು ದಿನ ಹೊತ್ತಿದ್ದಾಳೆ."

ಕೊನೆಯ ಮಾತು ಓದಿದಾಗ ಮುದುಕಿ ಮತ್ತೊಮ್ಮೆ ಓದಿಸಿದಳಂತೆ. ವಿಜ್ಞಾನ ಯಾರಿಗೆ ಎಲ್ಲಿ ನಾಟುತ್ತದೆಂದು ಹೇಳಲಾಗದು. ಸೋಮವಾರ ಹುಡುಗಿ ಶಾಲೆಗೆ ಬಂದಳು.

ಆದರೆ ಹಾಳೆಯಲ್ಲಿ ಬರೆದದ್ದರಿಂದ ಎಲ್ಲ ಮುಗಿಯುವುದಿಲ್ಲ. ಮುಟ್ಟಾದವರು ಉಪ್ಪಿನಕಾಯಿ ಭರಣಿ ಮುಟ್ಟಿದರೆ ಕೆಡುತ್ತದೆ, ತುಳಸಿ ಒಣಗುತ್ತದೆ ಎಂಬ ಮಾತು ನಮ್ಮ ಓಣಿಯಲ್ಲಷ್ಟೇ ಇಲ್ಲ. 1920ರಲ್ಲಿ ವಿಯೆನ್ನಾದ ಬೇಲಾ ಶಿಕ್ ಎಂಬ ಡಾಕ್ಟರು, ಗಂಟಲಮಾರಿಯ ಪರೀಕ್ಷೆ ಕಂಡುಹಿಡಿದು ಹೆಸರಾದವರು, ಮುಟ್ಟಾದ ಕೆಲಸದಾಕೆಯ ಕೈಗೆ ಹೂ ಕೊಟ್ಟರೆ ಬೇಗ ಬಾಡಿತು, ಅವಳ ಮೈಯಲ್ಲಿ ವಿಷ ಇರುತ್ತದೆ ಎಂದು ಬರೆದರು. ಬೇರೆಯವರು ವರ್ಷಾನುಗಟ್ಟಲೆ ಹುಡುಕಿದರೂ ಅಂಥ ವಿಷ ಇದೆಯೆಂದು ಸಿದ್ಧವಾಗಲಿಲ್ಲ. ಕಲಿತವರೂ ಮೊದಲೇ ನಂಬಿದ್ದನ್ನೇ ಹೂವಿನಲ್ಲಿ ಕಂಡಾರು.

ನಾವು ಶಾಲೆಯ ಕಿಟಕಿಯಲ್ಲಿ ಒಂದು ತುಳಸಿ ಕುಂಡ ಇಟ್ಟೆವು. ಏಳನೆಯ ತರಗತಿಯ ಹುಡುಗಿಯರು ಸರದಿಯ ಮೇಲೆ ವಾರಕ್ಕೊಬ್ಬರು ನೀರು ಹಾಕಬೇಕು, ಎಲೆ ಮುಟ್ಟಿ ಎಣಿಸಬೇಕು. ಯಾರಿಗೆ ಯಾವಾಗ ಎಂದು ನಾನು ಕೇಳಲಿಲ್ಲ, ಕೇಳುವುದು ಸಲ್ಲದು. ಜೂನಿನಿಂದ ಮಾರ್ಚಿಯವರೆಗೆ ಇಷ್ಟು ಹುಡುಗಿಯರಲ್ಲಿ ಯಾರೋ ಮುಟ್ಟಿದ್ದಾಗಲೇ ನೀರು ಹಾಕಿರಲೇಬೇಕಲ್ಲ. ಗಿಡ ಚೆನ್ನಾಗಿಯೇ ಇತ್ತು. ಮೇ ತಿಂಗಳಲ್ಲಿ ಒಣಗಿತು. ರಜೆಯಲ್ಲಿ ಯಾರೂ ನೀರು ಹಾಕಿರಲಿಲ್ಲ!

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಅದೇ ಪರಂಪರೆಯವನಾದ ಜೇಡರ ದಾಸಿಮಯ್ಯನ ಊರು ಮುದನೂರು ನಮ್ಮ ಸುರಪುರದ ಸೀಮೆಯಲ್ಲಿಯೇ ಇದೆ. ಜಾತ್ರೆಗೆ ಹೋಗುತ್ತೇವೆ, ಮನೆಗೆ ಬಂದು ಮಗಳನ್ನು ಮೂಲೆಗೆ ಕೂಡಿಸುತ್ತೇವೆ. ದಣಿದ ಮೈಗೆ ಮೂರು ದಿನ ಕೆಲಸ ತಪ್ಪಲೆಂದು ಹಿಂದಿನವರು ಮಾಡಿದ್ದು ಎನ್ನುವವರಿದ್ದಾರೆ. ಇರಬಹುದು. ಆದರೆ ಹತ್ತಿ ಬಿಡಿಸುವ ಹೆಣ್ಣುಮಗಳನ್ನು ಆ ದಿನಗಳಲ್ಲಿ ಹೊಲಕ್ಕೆ ಬರಬೇಡ ಎಂದವರನ್ನು ನಾನು ಕಂಡಿಲ್ಲ. ದೇವರ ಕೋಣೆಗೆ ಮಾತ್ರ ಬರಬಾರದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸಂತೋಷ. ಕೂಲಿಯವಳಿಗೆ ಸಂಬಳದ ಚೀಟಿಯೇ ಇಲ್ಲ.

ಬಟ್ಟೆಯ ವಿಚಾರ ಹೇಳಲೇಬೇಕು. ಹಳೆಯ ಸೀರೆಯ ಹತ್ತಿಬಟ್ಟೆ ಕೆಟ್ಟದ್ದಲ್ಲ. ಸೋಪು ಹಚ್ಚಿ ತಣ್ಣೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಯಾದಗಿರಿಯಲ್ಲಿ ಬಿಸಿಲಿಗೇನು ಬರ! ಆದರೆ ಯಾರೂ ನೋಡಬಾರದೆಂದು ಜಂತಿಯ ಸಂದಿಯಲ್ಲಿ, ಕಟ್ಟಿಗೆಯ ಮರೆಯಲ್ಲಿ ಹಸಿಯಾಗಿಯೇ ತುರುಕುತ್ತಾರೆ. ಕಜ್ಜಿ, ತುರಿಕೆ ಹುಟ್ಟುವುದು ಆ ಹಸಿಯಿಂದ. ಬಟ್ಟೆಯಾಗಲಿ ಪ್ಯಾಡ್ ಆಗಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬದಲಿಸಬೇಕಾದರೆ ಶಾಲೆಯ ಶೌಚಾಲಯಕ್ಕೆ ನೀರು ಬೇಕು, ಒಳಗಿನಿಂದ ಚಿಲಕ ಬೇಕು. ನಮ್ಮಲ್ಲಿ ಚಿಲಕ ಮುರಿದು ಎಷ್ಟು ದಿನವಾಗಿತ್ತೆಂದು ಗಂಡಸರಾದ ನಮಗೆ ಗೊತ್ತಿರಲಿಲ್ಲ. ಹೊಸ ಚಿಲಕಕ್ಕೆ ಆದ ಖರ್ಚು ನಲವತ್ತು ರೂಪಾಯಿ.

ಸರಕಾರದ ಶುಚಿ ಯೋಜನೆ 2013-14ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಶುರುವಾಯಿತು. ನಿಂತ ವರ್ಷಗಳಲ್ಲಿ ಮುಟ್ಟೇನೂ ನಿಂತಿರಲಿಲ್ಲ. ಪ್ಯಾಡಿನ ಮೇಲಿದ್ದ ಶೇ 12ರ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ತೆಗೆದರು. ಜನೌಷಧಿ ಅಂಗಡಿಗಳಲ್ಲಿ 2019ರಿಂದ ಒಂದು ಪ್ಯಾಡಿಗೆ ಒಂದು ರೂಪಾಯಿ. ಹೆಣ್ಣುಮಕ್ಕಳಿಗೆ 2023ರವರೆಗೆ ಪಟ್ಟಣಕ್ಕೆ ಹೋಗಿ ಬರುವ ಬಸ್ಸಿನ ದುಡ್ಡೇ ಹೆಚ್ಚಾಗಿತ್ತು.

ಇನ್ನು ರಕ್ತ. ಹೋದದ್ದನ್ನು ತುಂಬಿಕೊಳ್ಳಲು ಕಬ್ಬಿಣದ ಅಂಶ ಬೇಕು. ಮೆಂತೆಪಲ್ಲೆ, ರಾಜಗಿರಿ, ಸಜ್ಜೆರೊಟ್ಟಿ, ಬೇಳೆ ನಮ್ಮ ಅಡುಗೆಮನೆಯಲ್ಲೇ ಇವೆ. ಮೇಲೆ ನಿಂಬೆ ಹಿಂಡಿದರೆ ಮೈಗೆ ಹತ್ತುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯಿಂದ ಎಸೆಯುವ ಮಕ್ಕಳಿದ್ದಾರೆ. ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ. ಬಿಸಿಯೂಟದ ನಂತರ ನುಂಗಿದರೆ ಹಾಗಾಗುವುದು ಕಡಿಮೆ.

ಡಾಕ್ಟರಲ್ಲಿಗೆ ಯಾವಾಗ ಹೋಗಬೇಕು? ಏಳೆಂಟು ದಿನ ದಾಟಿದರೂ ನಿಲ್ಲದಿದ್ದರೆ, ತಾಸು-ಎರಡು ತಾಸಿಗೊಮ್ಮೆ ಪ್ಯಾಡ್ ತುಂಬಿದರೆ, ನೋವಿನಿಂದ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ, ಹದಿನೈದು ತುಂಬಿದರೂ ಮುಟ್ಟು ಬಾರದಿದ್ದರೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮಗಳ ಜೊತೆ ತಂದೆಯೂ ಹೋಗಬಹುದು. ನಾನು ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಯಾರೂ ನಗಲಿಲ್ಲ.

ಆ ಹುಡುಗಿ ಈಗ ಎಂಟನೆಯ ತರಗತಿ. ಈ ವರ್ಷ ಹದಿಹರೆಯದ ಪಾಠವನ್ನು ದಾಟಿಸಲಿಲ್ಲ. ಹುಡುಗ-ಹುಡುಗಿಯರನ್ನು ಕೂಡಿಸಿಯೇ ಮಾಡಿದೆ. ಮೊದಲ ಹತ್ತು ನಿಮಿಷ ಕಿಸಿಕಿಸಿ ನಗು, ಆಮೇಲೆ ನಿಂತಿತು. ಒಬ್ಬ ಹುಡುಗ ಎದ್ದು, 'ಸರ, ನಮ್ಮಕ್ಕಗ ಹೊಟ್ಟಿ ನೂಸ್ತದ, ನಾ ಏನ್ ಮಾಡಬೇಕ್ರಿ?' ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೂರನೆಯ ಬೆಂಚಿನಿಂದ, 'ನೀರು ತಂದುಕೊಡು, ಬಿಸಿ ಮಾಡಿ' ಎಂದು ಸಣ್ಣ ದನಿ ಬಂತು. ಅಷ್ಟು ಹೇಳಿ ಮತ್ತೆ ತಲೆ ತಗ್ಗಿಸಿದಳು.

ಅಡುಗೆಕೋಣೆಯ ಕಪಾಟಿನಲ್ಲಿ ಅಕ್ಕನ ಹತ್ತಿರ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಪ್ಯಾಡು, ಸೋಪು, ಒಂದು ಬದಲಿ ಲಂಗ. ಕೇಳದೆಯೇ ತೆಗೆದುಕೊಳ್ಳಬಹುದು. ಮುಗಿಯುತ್ತ ಬಂದಾಗ ನನ್ನ ಹಾಜರಿ ಪುಸ್ತಕದಲ್ಲಿ ಯಾರೋ ಚೀಟಿ ಇಡುತ್ತಾರೆ, ಹೆಸರಿರುವುದಿಲ್ಲ. ನಿನ್ನೆ ಬಂದ ಚೀಟಿಯಲ್ಲಿ 'ಮೂರೇ ಉಳದಾವ ಸರ' ಎಂದಿತ್ತು. ಶನಿವಾರ ಶಹಾಪುರಕ್ಕೆ ಹೋದಾಗ ತರಬೇಕು.