ಮುಟ್ಟಿದರೆ ಚುರ್ರೆನ್ನುವ ತುರಚೆ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೇ ತರಗತಿಯ ಮಕ್ಕಳನ್ನು ಎಲೆಗಳ ಸಂಗ್ರಹಕ್ಕೆಂದು ಶಾಲೆಯ ಹಿಂದಿನ ಬೇಲಿಯತ್ತ ಕರೆದೊಯ್ದಿದ್ದೆ. ಬಳ್ಳಿಯೊಂದರ ಎಲೆ ಕಿತ್ತ ಹುಡುಗ ‘ಏನೋ ಕಚ್ಚಿತು ಸಾರ್’ ಎಂದು ಚೀರಿದ. ಗಾಬರಿಯಲ್ಲಿ ನಾನು ಅವನ ಕೈಯನ್ನು ಚೆನ್ನಾಗಿ ಉಜ್ಜಿದೆ. ಉರಿ ಇನ್ನಷ್ಟು ಹೆಚ್ಚಿತು! ತಪ್ಪು ನನ್ನದೇ. ಅವನನ್ನು ‘ಕಚ್ಚಿದ್ದು’ ತುರಚೆ.

ತುರಚೆ (ಟ್ರೇಜಿಯಾ) ಹರಳುಗಿಡದ ಕುಟುಂಬಕ್ಕೆ ಸೇರಿದ ಸಣ್ಣ ಬಳ್ಳಿ. ಬೇಲಿ, ಪೊದೆ, ಕುರುಚಲು ಕಾಡಿನ ಅಂಚು ಇದರ ನೆಲೆ. ಎಲೆಯ ಅಂಚು ಗರಗಸದಂತೆ, ಮೈತುಂಬ ರೋಮ. ಚುಚ್ಚುವ ರೋಮದೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸ್ಫಟಿಕವಿರುತ್ತದೆ. ಮುಟ್ಟಿದೊಡನೆ ಅದು ಚರ್ಮಕ್ಕೆ ನಾಟಿ, ಅದರ ಜೊತೆಗೆ ರೋಮದ ರಸವೂ ಒಳಸೇರುತ್ತದೆ. ಉಜ್ಜಿದರೆ ಉಳಿದ ರೋಮಗಳೂ ನಾಟುತ್ತವೆ.

ಪಶ್ಚಿಮ ಘಟ್ಟದ ತೇವದ, ನೆರಳಿನ ಜಾಗಗಳಲ್ಲಿ ಇನ್ನೊಂದು ತುರಿಕೆ ಗಿಡವಿದೆ: ಗಿರಾರ್ಡೀನಿಯಾ. ನೇಪಾಳದಲ್ಲಿ ಇದರ ನಾರಿನಿಂದ ಬಟ್ಟೆ ನೇಯುತ್ತಾರೆ. ಇದರ ಹತ್ತಿರದ ಸಂಬಂಧಿ, ಯೂರೋಪಿನ ‘ನೆಟಲ್’ ಗಿಡದ ರೋಮದ ತುದಿ ಗಾಜಿನಂತೆ ಪೆಡಸು. ತಾಕಿದರೆ ತುದಿ ಮುರಿದು, ರೋಮವೇ ಇಂಜೆಕ್ಷನ್ ಸೂಜಿಯಾಗುತ್ತದೆ. ಈ ಉರಿಗೆ ಇರುವೆಯಲ್ಲಿರುವ ಫಾರ್ಮಿಕ್ ಆಮ್ಲವೇ ಕಾರಣವೆಂದು ಪಠ್ಯಗಳಲ್ಲಿ ಓದಿರುತ್ತೀರಿ. ಆದರೆ ಆ ರಸದಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್ ಕೋಲೀನ್ ಇರುವುದನ್ನು 1947ರಲ್ಲೇ ವಿಜ್ಞಾನಿಗಳು ತೋರಿಸಿದ್ದರು.

ಮರುದಿನ ಹುಡುಗನ ತಂದೆ ಬಂದರು. ‘ಬೇಲಿಯ ತುರಚೆಯನ್ನೆಲ್ಲ ಕಡಿಸಿಬಿಡಿ ಮೇಷ್ಟ್ರೇ’ ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಅವರನ್ನು ಬೇಲಿಯ ಬಳಿಗೆ ಕರೆದೊಯ್ದೆ. ತುರಚೆ ಎಲೆಯ ಮೇಲೆ ಮುಳ್ಳುಮೈಯ ಹುಳುವೊಂದು ನಿಶ್ಚಿಂತೆಯಿಂದ ಮೇಯುತ್ತಿತ್ತು. ದನಕರು ಬಾಯಿಡದ ಈ ಸೊಪ್ಪೇ ‘ಏರಿಯಾಡ್ನೆ’ ಎಂಬ ಕಂದು ಚಿಟ್ಟೆಯ ಮರಿಗಳಿಗೆ ಊಟ. ಹರಳೆಲೆಯನ್ನೂ ಅವು ತಿನ್ನುತ್ತವೆ. ತುರಚೆ ಹೋದರೆ ಅವುಗಳ ಒಂದು ಆಸರೆಯೂ ಹೋದಂತೆ. ಕೊನೆಗೆ ಮಕ್ಕಳು ಓಡಾಡುವ ಕಡೆ ಮಾತ್ರ ಕಡಿಸಿ, ಮೂಲೆಯಲ್ಲಿ ಒಂದಿಷ್ಟು ಬಿಟ್ಟು, ‘ಮುಟ್ಟಬೇಡಿ’ ಎಂಬ ಫಲಕ ಹಾಕಿದೆವು. ಫಲಕ ಬರೆದವನು ಅದೇ ಹುಡುಗ.

ಮಕ್ಕಳೇ, ತುರಚೆ ತಾಕಿದರೆ ಉಜ್ಜಬೇಡಿ, ಕೆರೆಯಬೇಡಿ. ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಕಿತ್ತರೆ ರೋಮಗಳು ಅದಕ್ಕೆ ಅಂಟಿ ಬರುತ್ತವೆ. ಆಮೇಲೆ ಸೋಪು ಹಾಕಿ ತೊಳೆಯಿರಿ. ಮುಖ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಗುರುತಿಲ್ಲದ ಗಿಡವನ್ನು ಮೊದಲು ಕಣ್ಣಿನಿಂದ ನೋಡಿ; ಕೈ ಹಾಕುವುದು ಆಮೇಲಿನ ಮಾತು.