ಯಂತ್ರ ಬಿಡಿಸಿದ ಅಜ್ಜಿಯ ಮುಖ

ಹಳೆಯ ಫೋಟೋ ಸರಿಪಡಿಸುವ ಕೆಲಸ ಈಗ ಎಲ್ಲರ ಕೈಗೂ ಬಂದಿದೆ. ಗೋಡೆಯ ತೇವಕ್ಕೆ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ಕೆನ್ನೆಯ ಹತ್ತಿರ ಕಿತ್ತುಹೋದ ಕಪ್ಪುಬಿಳುಪು ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ‘ಸರಿಮಾಡಿ ಬಣ್ಣ ತುಂಬು’ ಎಂದು ಬರೆದರೆ ಸಾಕು. ಸ್ವಲ್ಪ ಹೊತ್ತಿಗೆಲ್ಲ ಅಜ್ಜಿ ಬಣ್ಣದ ಸೀರೆಯುಟ್ಟು, ಹೊಳೆಯುವ ಕಣ್ಣು ಬಿಟ್ಟು ಎದುರಿಗೆ ನಿಲ್ಲುತ್ತಾಳೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸಂತೋಷ, ಒಬ್ಬಿಬ್ಬರಿಗೆ ಕಣ್ಣೀರು. ಆ ಸಂತೋಷವನ್ನು ಕೆಡಿಸುವ ಇರಾದೆ ನನಗಿಲ್ಲ. ಆದರೆ ಆ ಚಿತ್ರದಲ್ಲಿ ಅಜ್ಜಿ ಎಷ್ಟು, ಯಂತ್ರ ಎಷ್ಟು ಎಂಬುದು ನಮಗೆ ಗೊತ್ತಿರಬೇಕು. ಅಜ್ಜಿಯನ್ನು ಕಣ್ಣಾರೆ ಕಾಣದ ಮೊಮ್ಮಕ್ಕಳಿಗೆ ಇನ್ನು ಮುಂದೆ ಅಜ್ಜಿಯೆಂದರೆ ಆ ಚಿತ್ರವೇ.

ಇಂಥ ಸಲಕರಣೆಗಳ ಪೈಕಿ ಹಲವು ನಿಂತಿರುವುದು ಡಿಫ್ಯೂಷನ್ ಎಂಬ ವಿಧಾನದ ಮೇಲೆ. ಇದರ ಬೇರು ಭೌತವಿಜ್ಞಾನದಲ್ಲಿದೆ. ನೀರಿಗೆ ಬಿದ್ದ ಶಾಯಿಯ ಹನಿ ಹರಡಿ ಹರಡಿ ಕೊನೆಗೆ ಎಲ್ಲಿ ಬಿದ್ದಿತ್ತೆಂದೇ ತಿಳಿಯದಂತಾಗುತ್ತದಲ್ಲ, ಹಾಗೆ ಒಂದು ಚಿತ್ರವನ್ನೂ ಹಂತಹಂತವಾಗಿ ಕೆಡಿಸುತ್ತ ಹೋಗಬಹುದು. ಈ ಕೆಡಿಸುವಿಕೆಯನ್ನು ಹಿಮ್ಮುಖವಾಗಿ ನಡೆಸಲು ಯಂತ್ರಕ್ಕೆ ಕಲಿಸಬಹುದು ಎಂದು ಯಾಷಾ ಸೋಲ್-ಡಿಕ್‌ಸ್ಟೈನ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. 2020ರಲ್ಲಿ ಬರ್ಕ್ಲಿಯ ಜೊನಾಥನ್ ಹೋ, ಅಜಯ್ ಜೈನ್ ಮತ್ತು ಪೀಟರ್ ಅಬ್ಬೀಲ್ ಅದನ್ನು ಒಳ್ಳೆಯ ಚಿತ್ರ ಕೊಡುವ ಮಟ್ಟಕ್ಕೆ ತಂದರು. ಅವರ ಪ್ರಯೋಗದಲ್ಲಿ ಸ್ವಚ್ಛ ಚಿತ್ರದಿಂದ ಬರೀ ಚುಕ್ಕೆಗಳ ಗೊಂದಲದವರೆಗೆ 1000 ಹಂತಗಳಿದ್ದವು. ಯಂತ್ರಕ್ಕೆ ಹೇಳಿಕೊಟ್ಟ ಪಾಠ ಒಂದೇ: ಈ ಕೆಟ್ಟ ಚಿತ್ರಕ್ಕೆ ಬೆರೆಸಿದ ಗೊಂದಲ ಎಂಥದ್ದು, ಹೇಳು. ಅದು ಗೊತ್ತಾದರೆ ಅಷ್ಟನ್ನು ಕಳೆಯಬಹುದು. ಲಕ್ಷಾಂತರ ಚಿತ್ರಗಳ ಮೇಲೆ ಹೀಗೆ ಪಳಗಿದ ಯಂತ್ರಕ್ಕೆ ಬರೀ ಗೊಂದಲವನ್ನೇ ಕೊಟ್ಟರೂ ಅದು ಕಳೆಯುತ್ತ ಕಳೆಯುತ್ತ ಹಿಂದೆಂದೂ ಇಲ್ಲದಿದ್ದ ಒಂದು ಚಿತ್ರವನ್ನು ಹೊರತೆಗೆಯುತ್ತದೆ.

ಮಾತಿನಂತೆ ಚಿತ್ರ ಬರಲು ಇನ್ನೊಂದು ಕಲಿಕೆ ಬೇಕು. ಓಪನ್‌ಎಐ ಸಂಸ್ಥೆ 2021ರಲ್ಲಿ ಹೊರತಂದ ಕ್ಲಿಪ್ ಎಂಬ ಮಾಡೆಲ್ 40 ಕೋಟಿ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದೊಂದಿಗೆ ನೋಡಿ, ಯಾವ ಮಾತಿಗೆ ಯಾವ ನೋಟ ಹೊಂದುತ್ತದೆಂದು ಕಲಿತಿತ್ತು. ಆ ಕಲಿಕೆಯನ್ನು ಬಳಸಿಕೊಂಡು 2022ರ ಆಗಸ್ಟ್‌ನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಇಡೀ ಲೆಕ್ಕಾಚಾರವನ್ನು ಚಿತ್ರದ 48ನೇ ಒಂದು ಭಾಗದಷ್ಟು ಚಿಕ್ಕದಾದ ಸಂಕ್ಷಿಪ್ತ ರೂಪದ ಮೇಲೆ ನಡೆಸಿತು. ಹಾಗಾಗಿಯೇ ಅದು ಮನೆಯ ಕಂಪ್ಯೂಟರಿನಲ್ಲೂ ಓಡಿತು. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಗೆ ಸೇರಿದ ಚಿತ್ರರಚನೆಯ ದಾರಿ ಬೇರೆ. ಅದು ವಾಕ್ಯದ ಪದಗಳನ್ನು ಊಹಿಸುವ ಕ್ರಮದಲ್ಲೇ ಚಿತ್ರದ ತುಣುಕುಗಳನ್ನೂ ಒಂದರ ಹಿಂದೊಂದು ಊಹಿಸುತ್ತದೆ. ದಾರಿ ಯಾವುದಾದರೂ ಊಹೆ ಊಹೆಯೇ.

ಹರಿದ ಫೋಟೋ ತಿದ್ದುವಾಗ ಈ ಊಹೆ ಎರಡು ರೀತಿ ನಡೆಯಬಹುದು. ಕಿತ್ತುಹೋದ ಜಾಗಕ್ಕಷ್ಟೇ ಗುರುತು ಹಾಕಿಕೊಟ್ಟರೆ ಯಂತ್ರ ಆ ಜಾಗದಲ್ಲಿ ಮಾತ್ರ ಗೊಂದಲ ತುಂಬಿ, ಸುತ್ತಲಿನ ಭಾಗವನ್ನು ನೋಡಿಕೊಂಡು, ಅಂಚು ಕೂಡುವಂತೆ ಬಿಡಿಸುತ್ತದೆ. ಉಳಿದದ್ದು ಇದ್ದ ಹಾಗೇ ಇರುತ್ತದೆ. ಗುರುತು ಹಾಕದೆ ‘ಸರಿಮಾಡು’ ಎಂದರೆ ಇಡೀ ಫೋಟೋವನ್ನೇ ಸ್ವಲ್ಪ ಕೆಡಿಸಿ ಹೊಸದಾಗಿ ಕಟ್ಟಬಹುದು. ಹೆಚ್ಚು ಕೆಡಿಸಿದಷ್ಟೂ ಯಂತ್ರಕ್ಕೆ ಹೆಚ್ಚು ಸ್ವಾತಂತ್ರ್ಯ. ಮೂಗಿನ ತುದಿ, ಹುಬ್ಬಿನ ಬಾಗು, ತುಸು ಓರೆಯಾದ ಒಂದು ಹಲ್ಲು, ಅಜ್ಜಿಯನ್ನು ಅಜ್ಜಿ ಮಾಡಿದ್ದೆಲ್ಲ ಇಲ್ಲೇ ಜಾರಿಹೋಗುವುದು.

ಊಹೆ ಎಷ್ಟು ದೂರ ಜಾರಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ಸಲಕರಣೆ ತಂದರು. ಅದು ಡಿಫ್ಯೂಷನ್ ಅಲ್ಲ, ಅದಕ್ಕಿಂತ ಹಿಂದಿನ ಬಗೆಯದು. 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಮಸುಕು ಮುಖವನ್ನು ಅದು 1024ಕ್ಕೆ 1024ರ ಸ್ಪಷ್ಟ ಮುಖ ಮಾಡಿಕೊಡುತ್ತಿತ್ತು. ಲೆಕ್ಕ ಹಾಕಿ ನೋಡಿ: ಕೈಲಿರುವುದು 256 ಪಿಕ್ಸೆಲ್, ಹೊರಬರುವುದು ಹತ್ತು ಲಕ್ಷಕ್ಕೂ ಹೆಚ್ಚು. ಗೊತ್ತಿರುವ ಒಂದಕ್ಕೆ ಪ್ರತಿಯಾಗಿ 4096. ಆ ವರ್ಷದ ಜೂನ್‌ನಲ್ಲಿ ಯಾರೋ ಬರಾಕ್ ಒಬಾಮರ ಮಸುಕು ಚಿತ್ರವನ್ನು ಅದಕ್ಕೆ ಕೊಟ್ಟರು. ಬಂದದ್ದು ಒಬ್ಬ ಬಿಳಿಯನ ಮುಖ! ಆ ಮುಖವನ್ನು ಮತ್ತೆ ಮಸುಕು ಮಾಡಿದರೆ ಕೊಟ್ಟ ಚಿತ್ರಕ್ಕೇ ಹೊಂದುತ್ತಿತ್ತು. ಸಲಕರಣೆ ಕೊಟ್ಟ ಭರವಸೆಯೂ ಅಷ್ಟೇ. ಅಷ್ಟು ಕಡಿಮೆ ಮಾಹಿತಿಗೆ ಹೊಂದುವ ಮುಖಗಳು ಎಷ್ಟೋ ಇರುತ್ತವೆ. ಕಲಿಕೆಯಲ್ಲಿ ಯಾವ ಬಗೆಯ ಮುಖ ಹೆಚ್ಚು ಕಂಡಿತ್ತೋ ಯಂತ್ರ ಅತ್ತಲೇ ವಾಲುತ್ತದೆ.

ನಮ್ಮ ಆಲ್ಬಮ್‌ಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಕಟ್ಟುತ್ತಾರೆ. ಯಂತ್ರ ಸಾವಿರಾರು ಕಡೆ ಕಂಡದ್ದು ಮುಂದಿನ ನೆರಿಗೆ. ಸೊಂಟದ ಭಾಗವೇ ಹರಿದಿದ್ದರೆ ಅದು ಯಾವುದನ್ನು ಬಿಡಿಸೀತು?

ಬಣ್ಣದ್ದು ಇನ್ನೂ ಕಷ್ಟ. ಒಂದೇ ಬೂದು ಛಾಯೆ ಹಸಿರಿನದೂ ಆಗಿರಬಹುದು, ನೀಲಿಯದೂ ಆಗಿರಬಹುದು. ಹಳೆಯ ಕಾಲದ ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗಂತೂ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಸೀರೆ, ಹಣೆಯ ಕುಂಕುಮ ಎರಡೂ ಅದರಲ್ಲಿ ಹೆಚ್ಚುಕಡಿಮೆ ಕಪ್ಪಾಗಿಯೇ ಮೂಡುತ್ತಿದ್ದವು. ಆ ಕಪ್ಪನ್ನು ಯಂತ್ರ ಕಡುನೀಲಿ ಎಂದುಕೊಂಡರೆ ತಪ್ಪೆನ್ನಲು ಚಿತ್ರದಲ್ಲಿ ಯಾವ ಸಾಕ್ಷಿಯೂ ಇಲ್ಲ. ಸಾಕ್ಷಿ ಇರುವುದು ಜಗಲಿಯ ಮೇಲೆ ಕೂತ ದೊಡ್ಡಮ್ಮನ ಬಳಿ. ‘ದೊಡ್ಡಮ್ಮಾ, ಅಜ್ಜಿಯ ಧಾರೆ ಸೀರೆ ಯಾವ ಬಣ್ಣದ್ದಾಗಿತ್ತು?’ ಎಂದು ಮೊದಲು ಕೇಳಿ, ಆ ಉತ್ತರವನ್ನೇ ಯಂತ್ರಕ್ಕೆ ಬರೆದುಕೊಡಬೇಕು.

ಮೂಲ ಫೋಟೋವನ್ನು ಒಳ್ಳೆಯ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿಸಿ ಬೇರೆಯಾಗಿ ಇಟ್ಟುಕೊಳ್ಳಿ. ತಿದ್ದಿದ ಪ್ರತಿಯ ಹಿಂದೆ ಏನೇನು ತುಂಬಿಸಿದ್ದೆಂದು ಬರೆಯಿರಿ. ಸಾಧ್ಯವಾದ ಕಡೆ ಹರಿದ ಜಾಗಕ್ಕಷ್ಟೇ ಗುರುತು ಹಾಕಿ. ಊಹೆ ಎಲ್ಲೆಲ್ಲಿದೆ ಎಂದು ಕಾಣಬೇಕಾದರೆ ಅದೇ ಫೋಟೋವನ್ನು ಅದೇ ಮಾತಿನಲ್ಲಿ ನಾಲ್ಕಾರು ಸಲ ತಿದ್ದಿಸಿ, ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಹೊಸ ಗೊಂದಲದಿಂದ ಶುರುವಾಗುವುದರಿಂದ ಕಿವಿಯೋಲೆ ಒಂದರಲ್ಲಿ ದುಂಡಗೆ, ಇನ್ನೊಂದರಲ್ಲಿ ಉದ್ದಕ್ಕೆ ಬಂದೀತು. ಬದಲಾದದ್ದೆಲ್ಲ ಯಂತ್ರದ ಕಲ್ಪನೆ. ಬದಲಾಗದೆ ಉಳಿದದ್ದನ್ನೂ ಮೂಲದ ಎದುರು ಹಿಡಿದು ನೋಡಲೇಬೇಕು. ಮೂಲದಲ್ಲಿ ಕಿತ್ತುಹೋದ ಕೆನ್ನೆ ಎಲ್ಲ ಪ್ರತಿಗಳಲ್ಲೂ ಒಂದೇ ಥರ ಬಂದಿದೆಯೆಂದರೆ, ಯಂತ್ರ ಅಂಥ ಕೆನ್ನೆಗಳನ್ನು ಬಹಳ ನೋಡಿದೆ ಎಂದಷ್ಟೇ ಅರ್ಥ.