ಸಾರಥಿಯಿಲ್ಲದ ರಥ ಬಂದರೆ ಮನೆಯ ಕಾರಿನ ಗತಿ ಏನು?

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತವರಿಗೆ ಆ ಸೀಮೆಯ ನಾಡಿಯೇ ಕೈಗೆ ಸಿಕ್ಕಿದಂತಾಗುತ್ತದೆ. ಒಂದು ಬಸ್ಸು ತಿರುಮಕೂಡಲು ನರಸೀಪುರದ ಮೇಲೆ ಮೈಸೂರಿಗೆ ಹೊರಡುತ್ತದೆ. ಇನ್ನೊಂದು ಕಾವೇರಿಯನ್ನು ದಾಟಿ, ಮಳವಳ್ಳಿ ಕನಕಪುರಗಳ ಹಾದಿ ಹಿಡಿದು ಬೆಂಗಳೂರಿನತ್ತ ಮುಖ ಮಾಡುತ್ತದೆ. ಮತ್ತೊಂದು ಯಳಂದೂರಿನ ಮೇಲೆ ಚಾಮರಾಜನಗರಕ್ಕೆ. ನಾಲ್ಕನೆಯದು ಹನೂರನ್ನು ಹಾದು ಮಲೆ ಮಹದೇಶ್ವರನ ಬೆಟ್ಟಕ್ಕೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಪಟ್ಟಣಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಎಲ್ಲಿಗೆ ಹೋಗಬೇಕಾದರೂ ರಸ್ತೆಯೇ ಗತಿ. ಬಸ್ಸು ತಪ್ಪಿದವರಿಗೆ ಆಟೋ. ಆಟೋ ಸಾಲದವರಿಗೆ ಬಾಡಿಗೆ ಕಾರು. ಅನುಕೂಲವಂತರಿಗೆ ಸ್ವಂತ ಕಾರು.

ಸ್ವಂತ ಕಾರು ಎಂದರೆ ಈ ಸೀಮೆಯಲ್ಲಿ ಬರಿಯ ವಾಹನವಲ್ಲ; ಅದೊಂದು ಅಂತಸ್ತು. ರೇಷ್ಮೆ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮನೆಯವರು ಮೊದಲು ಮನೆಗೆ ಮಹಡಿ ಕಟ್ಟಿಸುತ್ತಾರೆ, ಅನಂತರ ಕಾರು ಕೊಳ್ಳುತ್ತಾರೆ. ಆಯುಧಪೂಜೆಯ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟಾಗ ಮನೆಮಂದಿಯ ಮುಖದಲ್ಲಿ ಮೂಡುವ ಕಳೆಯೇ ಬೇರೆ. ಅಂಥ ಕಾರನ್ನು ಬೇಡವೆನ್ನುವ ಕಾಲವೊಂದು ಬಂದೀತೇ? ಚಾಲಕನೇ ಇಲ್ಲದ ಬಾಡಿಗೆ ಕಾರುಗಳು ಅಂಥ ಕಾಲವನ್ನು ತರಲಿವೆ ಎಂದು ಹೇಳುವವರು ಇಂದು ಲೋಕದಲ್ಲಿ ಅನೇಕರಿದ್ದಾರೆ. ಅವರ ಮಾತಿನಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಈ ಮೂರು ತಾಲ್ಲೂಕುಗಳ ರಸ್ತೆಯ ಮೇಲೆಯೇ ಇಟ್ಟು ತೂಗಿ ನೋಡುವುದು ಒಳ್ಳೆಯದು.

ನಿಂತ ಕಾರಿನ ಲೆಕ್ಕ

ಕಾರಿನ ಒಡೆಯರು ಪೆಟ್ರೋಲಿನ ಲೆಕ್ಕವನ್ನು ಪೈಸೆ ಬಿಡದೆ ಹೇಳುತ್ತಾರೆ. ಆದರೆ ನಿಂತ ಕಾರಿಗೆ ತಗಲುವ ವೆಚ್ಚವನ್ನು ಹೇಳುವವರು ವಿರಳ. ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 8 ಲಕ್ಷ ರೂಪಾಯಿ ಕೊಟ್ಟು ಕೊಂಡ ಕಾರು ಹತ್ತು ವರ್ಷಗಳ ಬಳಿಕ 2 ಲಕ್ಷಕ್ಕೆ ಮಾರಾಟವಾಯಿತೆನ್ನೋಣ. ಕರಗಿದ್ದು 6 ಲಕ್ಷ. ಅಂದರೆ ವರ್ಷಕ್ಕೆ 60,000. ವಿಮೆ, ರಿಪೇರಿ, ಟೈರು ಮುಂತಾದವುಗಳಿಗೆ ವರ್ಷಕ್ಕೆ 40,000 ಎಂದಿಟ್ಟುಕೊಂಡರೆ ಒಟ್ಟು ಒಂದು ಲಕ್ಷವಾಯಿತು. ಸಾಲದ ಬಡ್ಡಿ ಈ ಲೆಕ್ಕದಲ್ಲಿ ಸೇರಿಲ್ಲ.

ಕಾರು ವರ್ಷಕ್ಕೆ 20,000 ಕಿಲೋಮೀಟರು ಓಡಿದರೆ ಈ ಹೊರೆ ಕಿಲೋಮೀಟರಿಗೆ 5 ರೂಪಾಯಿ. ಆದರೆ ತಿಂಗಳಿಗೊಮ್ಮೆ ಮೈಸೂರು, ಎರಡು ತಿಂಗಳಿಗೊಮ್ಮೆ ಬೆಂಗಳೂರು, ಆಗೊಂದು ಮದುವೆ ಈಗೊಂದು ಜಾತ್ರೆ ಎಂದು 5,000 ಕಿಲೋಮೀಟರು ಮಾತ್ರ ಓಡಿದರೆ ಅದೇ ಹೊರೆ ಕಿಲೋಮೀಟರಿಗೆ 20 ರೂಪಾಯಿಗೆ ಏರುತ್ತದೆ. ಪೆಟ್ರೋಲು ಬೇರೆ. ದಿನಕ್ಕೆ ಒಂದೇ ಗಂಟೆ ಓಡುವ ಕಾರು ಉಳಿದ ಇಪ್ಪತ್ತಮೂರು ಗಂಟೆ ಕೊಟ್ಟಿಗೆಯಲ್ಲಿ ಮಲಗಿರುತ್ತದೆ. ಉಳುಮೆಗೂ ಬಾರದೆ, ಹಾಲನ್ನೂ ಕರೆಯದೆ ಮೇವು ತಿನ್ನುವ ದನವನ್ನು ಯಾವ ರೈತನೂ ಕಟ್ಟಿಕೊಂಡಿರಲಾರನು. ಕಾರನ್ನು ಮಾತ್ರ ಎಲ್ಲರೂ ಕಟ್ಟಿಕೊಂಡಿರುತ್ತಾರೆ.

ಚಾಲಕನಿಲ್ಲದ ಟ್ಯಾಕ್ಸಿಯ ಪ್ರತಿಪಾದಕರು ಹಿಡಿದಿರುವುದು ಈ ಎಳೆಯನ್ನೇ. ಯಂತ್ರಕ್ಕೆ ನಿದ್ರೆಯಿಲ್ಲ, ಊಟವಿಲ್ಲ. ಹಗಲಿರುಳೂ ದುಡಿದು ವರ್ಷಕ್ಕೆ 60,000 ಕಿಲೋಮೀಟರು ಓಡಿದರೆ, ಅದರ ವೆಚ್ಚ ಮನೆಯ ಕಾರಿನ ಮೂರು ಪಟ್ಟಾದರೂ ಕಿಲೋಮೀಟರಿಗೆ ಬೀಳುವ ಹೊರೆ ಅದೇ 5 ರೂಪಾಯಿ. ಒಂದೇ ಕಾರು ಹತ್ತು ಮನೆಗಳಿಗೆ ಸಾಕಾದರೆ ಹತ್ತು ಮನೆಯವರೂ ಕಾರು ಕೊಳ್ಳುವುದೇತಕ್ಕೆ ಎಂಬುದು ಅವರ ವಾದ.

ಯಂತ್ರದ ಕಣ್ಣು

ಇದು ಕೇವಲ ಕನಸಿನ ಮಾತಲ್ಲ. ಗೂಗಲ್ ಸಂಸ್ಥೆಯು 2009ರಲ್ಲಿ ಕೈಗೊಂಡ ಪ್ರಯೋಗವು ಮುಂದೆ ವೇಮೊ ಎಂಬ ಹೆಸರಿನ ಪ್ರತ್ಯೇಕ ಕಂಪನಿಯಾಗಿ ಬೆಳೆಯಿತು. 2020ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಸುತ್ತಮುತ್ತ ಅದು ಚಾಲಕನಿಲ್ಲದ ಕಾರುಗಳನ್ನು ಸಾರ್ವಜನಿಕರ ಬಾಡಿಗೆಗೆ ಬಿಟ್ಟಿತು; 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿಯೂ ಎಲ್ಲರಿಗೆ ತೆರೆಯಿತು. ಚೀನಾದ ವುಹಾನ್ ನಗರದಲ್ಲಿ ಬೈದು ಕಂಪನಿಯು ಅಂಥದೇ ಕಾರುಗಳನ್ನು ಓಡಿಸಿದೆ.

ಈ ಕಾರಿನ ತಲೆಯ ಮೇಲೆ ಲೈಡಾರ್ ಎಂಬ ಉಪಕರಣವಿರುತ್ತದೆ. ಅದು ಸುತ್ತಲೂ ಲೇಸರ್ ಕಿರಣಗಳನ್ನು ಬೀರಿ, ಅವು ತಾಗಿ ಮರಳುವ ಕಾಲವನ್ನು ಅಳೆದು, ಯಾವ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಯುತ್ತದೆ. ಜೊತೆಗೆ ಹತ್ತಾರು ಕ್ಯಾಮೆರಾಗಳು, ರೇಡಾರ್‌ಗಳು. ಓಡಬೇಕಾದ ಬೀದಿಗಳ ಅಂಗುಲ ಅಂಗುಲದ ನಕ್ಷೆಯನ್ನು ಮುಂಚೆಯೇ ಸಿದ್ಧಪಡಿಸಿ ಅದಕ್ಕೆ ಉಣಿಸಿರುತ್ತಾರೆ. ಕಂಡದ್ದನ್ನೂ ನಕ್ಷೆಯನ್ನೂ ತಾಳೆ ನೋಡಿ, ಎದುರಿಗಿರುವುದು ಮನುಷ್ಯನೋ ಮರವೋ ಎಂದು ಕಂಪ್ಯೂಟರು ನಿರ್ಧರಿಸುತ್ತದೆ. ಅದಕ್ಕೂ ದಾರಿ ತೋಚದಿದ್ದಾಗ ದೂರದ ಕಚೇರಿಯಲ್ಲಿ ಕುಳಿತ ಮನುಷ್ಯರು ಸಲಹೆ ನೀಡುತ್ತಾರೆ.

ಎಡವಿದ ಉದಾಹರಣೆಯೂ ಉಂಟು. 2023ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ವಾಹನ ಬಡಿದು ಉರುಳಿದ ಮಹಿಳೆಯೊಬ್ಬಳು ಕ್ರೂಸ್ ಎಂಬ ಕಂಪನಿಯ ಚಾಲಕರಹಿತ ಕಾರಿನ ಅಡಿಗೆ ಬಿದ್ದಳು. ನಿಂತಿದ್ದ ಕಾರು ರಸ್ತೆಯ ಅಂಚಿಗೆ ಸರಿಯಬೇಕೆಂದು ಆಕೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಅಡಿಯಲ್ಲಿ ಜೀವವೊಂದು ನರಳುತ್ತಿದೆ ಎಂಬುದು ಅದಕ್ಕೆ ತಿಳಿಯಲಿಲ್ಲ. ಸರ್ಕಾರವು ಪರವಾನಗಿಯನ್ನು ತಡೆಹಿಡಿಯಿತು. 2024ರ ಡಿಸೆಂಬರಿನಲ್ಲಿ ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿಯ ಉದ್ಯಮವನ್ನೇ ಕೈಬಿಟ್ಟಿತು.

ಹುರುಳಿಯ ಕಣ, ಆನೆಯ ದಾರಿ

ಫೀನಿಕ್ಸಿನ ಅಗಲವಾದ ಬೀದಿಯಿಂದ ಹನೂರಿನ ದಾರಿಗೆ ಬಂದರೆ ಯಂತ್ರದ ಕಣ್ಣಿಗೆ ಬೇರೆಯೇ ಪಾಠ ಕಾದಿರುತ್ತದೆ. ಸುಗ್ಗಿಯ ಕಾಲದಲ್ಲಿ ಇಲ್ಲಿನ ರೈತರು ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಯ ಮೇಲೆಯೇ ಹರಡುತ್ತಾರೆ; ಹೋಗುವ ಬರುವ ವಾಹನಗಳೇ ಒಕ್ಕಣೆಯ ಗುಂಡು. ಈ ಊರಿನ ಚಾಲಕ ಅದನ್ನು ನೋಡಿ ವೇಗ ತಗ್ಗಿಸಿ ಮೇಲೆಯೇ ಹಾಯಿಸುತ್ತಾನೆ. ಯಂತ್ರವು ಅದನ್ನು ಅಡ್ಡಿಯೆಂದು ಬಗೆದು ನಿಂತರೆ ಸಂಜೆಯವರೆಗೂ ನಿಂತೇ ಇದ್ದೀತು. ಶಿವರಾತ್ರಿಯ ದಿನಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೊರಟ ಭಕ್ತರ ಸಾಲು ರಸ್ತೆಯ ಅರ್ಧವನ್ನು ತುಂಬುತ್ತದೆ. ಬೆಟ್ಟದ ತಿರುವುಗಳಲ್ಲಿ ಎದುರಿನ ಬಸ್ಸು ಕಾಣುವ ಮೊದಲೇ ಅದರ ಹಾರನ್ನಿನ ದನಿ ಕೇಳಬೇಕು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ದಾರಿಯಾದರೋ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನೊಳಗಿನದು. ಅಲ್ಲಿ ಆನೆ ಅಡ್ಡ ನಿಂತರೆ ಹಾರನ್ನು ಮಾಡಬಾರದು, ದೀಪ ಮಿನುಗಿಸಬಾರದು, ಹಿಂದಕ್ಕೆ ಸರಿಯಬೇಕೆಂಬ ವಿವೇಕ ಯಾವ ನಕ್ಷೆಯಲ್ಲಿಯೂ ಬರೆದಿಲ್ಲ.

ಇವೆಲ್ಲ ಕಲಿಯಲಾರದ ವಿದ್ಯೆಗಳೆಂದಲ್ಲ. ಯಂತ್ರವು ಕಲಿಯಬಹುದು. ಬೆಂಗಳೂರಿನ ಮೈನಸ್ ಝೀರೋ ಎಂಬ ಕಂಪನಿಯು 2023ರಲ್ಲಿಯೇ ನಮ್ಮ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಚಾಲಕನಿಲ್ಲದ ವಾಹನದ ಮಾದರಿಯೊಂದನ್ನು ಪ್ರದರ್ಶಿಸಿತು. ಯಂತ್ರ ಕಲಿತ ಮೇಲೂ ಉಳಿಯುವ ಪ್ರಶ್ನೆಯೇ ನಿಜವಾದ ಪ್ರಶ್ನೆ.

ಖಾಲಿ ಬರುವ ದಾರಿ

ಹನೂರಿನಾಚೆಯ ಹಳ್ಳಿಯೊಂದಕ್ಕೆ ಕೊಳ್ಳೇಗಾಲದಿಂದ ಬಾಡಿಗೆ ಕಾರು ಕೇಳಿದರೆ ಚಾಲಕನು ಹೋಗುವ ಬಾಡಿಗೆಯ ಜೊತೆಗೆ ಬರುವ ಬಾಡಿಗೆಯನ್ನೂ ಸೇರಿಸಿಯೇ ಹೇಳುತ್ತಾನೆ. ಅದು ದುರಾಸೆಯಲ್ಲ; ಮರಳುವಾಗ ಕಾರಿನಲ್ಲಿ ಗಿರಾಕಿಯಿರುವುದಿಲ್ಲ. ಚಾಲಕನನ್ನು ಕೆಳಗಿಳಿಸಿದ ಮಾತ್ರಕ್ಕೆ ಖಾಲಿ ದಾರಿ ತುಂಬುವುದಿಲ್ಲ. ಅರ್ಧ ದೂರ ಬರಿದಾಗಿ ಓಡುವ ಟ್ಯಾಕ್ಸಿಗೆ ಮೇಲೆ ಹೇಳಿದ 5 ರೂಪಾಯಿ ಕೂಡಲೆ 10 ಆಗುತ್ತದೆ. ಬೆಂಗಳೂರಿನ ಜಯನಗರದಲ್ಲಿ ಒಬ್ಬರು ಇಳಿದೊಡನೆ ಇನ್ನೊಬ್ಬರು ಹತ್ತುತ್ತಾರೆ; ಕಾಡಂಚಿನ ಹಳ್ಳಿಯಲ್ಲಿ ಇಳಿದವರ ಹಿಂದೆ ಹತ್ತುವವರಿಲ್ಲ. ಆದ್ದರಿಂದ ಈ ಹೊಸ ರಥವು ಮೊದಲು ಒಲಿಯುವುದು ಜನ ಕಿಕ್ಕಿರಿದ ಮಹಾನಗರಕ್ಕೆ.

ಅಲ್ಲಿಯಾದರೂ ಎಲ್ಲವೂ ಸುಗಮವಲ್ಲ. ಕಾರು ಕೊಳ್ಳುವವರು ಕಡಿಮೆಯಾದರೆ ರಸ್ತೆ ಬಿಡುವಾದೀತೆಂದು ಹಾರೈಸುವುದು ಸಹಜ. ಆದರೆ ಚಾಲಕರಿದ್ದ ಮೊಬೈಲು ಟ್ಯಾಕ್ಸಿಗಳ ಅನುಭವವೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದ ಸಾರಿಗೆ ಪ್ರಾಧಿಕಾರವು 2018ರಲ್ಲಿ ನೀಡಿದ ವರದಿಯಂತೆ, 2010ರಿಂದ 2016ರವರೆಗೆ ಆ ನಗರದಲ್ಲಿ ಹೆಚ್ಚಿದ ವಾಹನ ದಟ್ಟಣೆಯ ಸುಮಾರು ಅರ್ಧಕ್ಕೆ ಅಂಥ ಟ್ಯಾಕ್ಸಿಗಳೇ ಕಾರಣ. ಕಾರು ಒಬ್ಬರ ಸೊತ್ತಲ್ಲವಾದರೂ ರಸ್ತೆಯ ಮೇಲೆ ಅದು ಹಿಡಿಯುವ ಜಾಗ ಕುಗ್ಗುವುದಿಲ್ಲ. ನಲವತ್ತು ಜನರನ್ನು ಹೊತ್ತ ಬಸ್ಸು ಇಂದಿಗೂ ಆ ಲೆಕ್ಕದಲ್ಲಿ ಸೋಲಿಲ್ಲದ ಸರದಾರ. 2023ರ ಜೂನ್ 11ರಂದು ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ಅದು ಹೊಸ ಯಂತ್ರದ ಪವಾಡವಲ್ಲ, ಹಳೆಯ ಬಸ್ಸಿನದೇ.

ಚಾಲಕನ ಅನ್ನ, ಮನೆಯವರ ಧೈರ್ಯ

ಸಾಲ ಮಾಡಿ ಒಂದು ಕಾರು ಕೊಂಡು, ಅದನ್ನು ಬಾಡಿಗೆಗೆ ಓಡಿಸಿ, ಕಂತು ಕಟ್ಟಿ, ಮಕ್ಕಳನ್ನು ಓದಿಸುವ ಯುವಕರು ಈ ತಾಲ್ಲೂಕುಗಳ ಊರೂರಿನಲ್ಲಿಯೂ ಇದ್ದಾರೆ. ಬೆಂಗಳೂರಿಗೆ ಹೋಗಿ ಟ್ಯಾಕ್ಸಿ ಹಿಡಿದವರೂ ಉಂಟು. ಉಳುವ ನೆಲ ಸಾಲದವರಿಗೆ ಚಾಲಕನ ವೃತ್ತಿಯೇ ಆಸರೆ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ ಮತ್ತೆ 2023ರಲ್ಲಿಯೂ ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲವೆಂದು ಸಾರಿದುದಕ್ಕೆ ಕೊಟ್ಟ ಕಾರಣವೂ ಇದೇ: ಚಾಲಕರ ಅನ್ನ ಹೋಗುತ್ತದೆ. ವುಹಾನಿನ ಟ್ಯಾಕ್ಸಿ ಚಾಲಕರು 2024ರಲ್ಲಿ ಎತ್ತಿದ ಅಳಲೂ ಬೇರೆಯಲ್ಲ.

ಅನ್ನದ ಮಾತನ್ನು ಬದಿಗಿಟ್ಟರೂ ಚಾಲಕನು ಬರಿಯ ಚಕ್ರ ತಿರುಗಿಸುವವನಲ್ಲ. ನಡುರಾತ್ರಿ ಸೊಸೆಗೆ ಹೆರಿಗೆಯ ನೋವು ಕಾಣಿಸಿಕೊಂಡಾಗ ಹಳ್ಳಿಯವರು ಮೊದಲು ಬಡಿಯುವುದು ಕಾರಿನವನ ಬಾಗಿಲನ್ನು. 2008ರಿಂದ 108ರ ಆಂಬುಲೆನ್ಸು ಉಂಟು. ಆದರೂ ಪಕ್ಕದ ಬೀದಿಯ ಕಾರಿನವನು ಇದ್ದಾನೆಂಬ ಧೈರ್ಯವೇ ಬೇರೆ. ಅವನು ನಿದ್ದೆಗಣ್ಣಿನಲ್ಲಿಯೇ ಎದ್ದು ಬರುತ್ತಾನೆ, ಅಜ್ಜಿಯನ್ನು ಕೈಹಿಡಿದು ಹತ್ತಿಸುತ್ತಾನೆ, ಆಸ್ಪತ್ರೆಯಲ್ಲಿ ಸ್ಟ್ರೆಚರಿಗೆ ಕೈಕೊಡುತ್ತಾನೆ, ಬಾಡಿಗೆಯನ್ನು ಸುಗ್ಗಿಯಲ್ಲಿ ಕೊಟ್ಟರಾಯಿತೆನ್ನುತ್ತಾನೆ. ಸ್ವಂತ ಕಾರಿಲ್ಲದೆಯೂ ಕಾರಿನ ಅನುಕೂಲವನ್ನು ಹಂಚಿಕೊಂಡು ಬಾಳುವ ವಿದ್ಯೆಯನ್ನು ಈ ಹಳ್ಳಿಗಳು ಎಂದೋ ಕಲಿತಿವೆ. ಅಮೆರಿಕದವರು ಯಂತ್ರದಿಂದ ಸಾಧಿಸಹೊರಟಿರುವುದನ್ನು ಇಲ್ಲಿಯವರು ಪರಸ್ಪರ ನಂಬಿಕೆಯಿಂದ ನಡೆಸಿಕೊಂಡು ಬಂದಿದ್ದಾರೆ.

ಇಲ್ಲಿಯೇ ಪ್ರಶ್ನೆಯ ಕೀಲಿಕೈ ಇರುವುದು. ಮಧ್ಯಮವರ್ಗದ ಸಂಸಾರವು ಲೆಕ್ಕ ತಪ್ಪಿದರೂ ಕಾರನ್ನು ಕೊಳ್ಳುವುದು ಪ್ರಯಾಣಕ್ಕಾಗಿ ಅಲ್ಲ, ಭರವಸೆಗಾಗಿ. ವರ್ಷದ ಮುನ್ನೂರು ದಿನ ನಿಂತಿದ್ದರೂ ಬೇಕಾದ ಒಂದು ರಾತ್ರಿ ಅದು ಬಾಗಿಲಲ್ಲಿದ್ದರೆ ಸಾಕು ಎಂಬುದು ಗೃಹಿಣಿಯ ತರ್ಕ. ಅಗ್ಗವಾದ ಟ್ಯಾಕ್ಸಿ ಬಂದ ಮಾತ್ರಕ್ಕೆ ಆಕೆ ಕಾರನ್ನು ಮಾರಲೊಪ್ಪಳು. ಕರೆದಾಗ ತಪ್ಪದೆ ಬರುವ ಟ್ಯಾಕ್ಸಿ ಬಂದರೆ ಒಪ್ಪಿಯಾಳು. ಬೆಂಗಳೂರಿನಲ್ಲಿ ಮೊದಲು ಬಿಟ್ಟುಕೊಡುವುದು ಮನೆಯ ಎರಡನೆಯ ಕಾರನ್ನು; ಮೊದಲನೆಯದು ಬಹುಕಾಲ ಉಳಿದೀತು. ಕೊಳ್ಳೇಗಾಲದಲ್ಲಿ ಎರಡನೆಯ ಕಾರೇ ಅಪರೂಪ.

ಇತಿಹಾಸವೂ ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಕೊಳ್ಳೇಗಾಲಕ್ಕೆ ಕೂಗಳತೆಯಲ್ಲೆಂಬಂತೆ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಜಲಪಾತದ ಸದ್ದು ಕೇಳುತ್ತ ಮಲಗುವ ಹಳ್ಳಿಗಳು ಇನ್ನೂ ಬಹುಕಾಲ ಎಣ್ಣೆಯ ದೀಪದಲ್ಲಿಯೇ ಇದ್ದವು. ಹೊಸ ವಿದ್ಯೆಯು ಹಣವಿರುವ ಕಡೆಗೆ ಮೊದಲು ಹರಿಯುತ್ತದೆ. ಸಾರಥಿಯಿಲ್ಲದ ರಥದ ಕಥೆಯೂ ಹಾಗೆಯೇ ಆದರೆ, ಮಹಾನಗರದಲ್ಲಿ ಚಾಲಕನ ಕೆಲಸ ಮೊದಲು ಹೋಗಿ, ಅವನ ಹಳ್ಳಿಗೆ ಆ ರಥ ಕೊನೆಗೆ ಬಂದೀತು. ಈ ನಡುವಿನ ಕಾಲವನ್ನು ಅವನು ಹೇಗೆ ಕಳೆಯಬೇಕು ಎಂಬುದನ್ನು ಯಂತ್ರ ಕಟ್ಟುವವರೂ ರಾಜ್ಯವಾಳುವವರೂ ಈಗಲೇ ಯೋಚಿಸಬೇಕು.

ಅಲ್ಲಿಯವರೆಗೆ ಹನೂರಿನ ದಾರಿಯಲ್ಲಿ ಹುರುಳಿಯ ಒಕ್ಕಣೆ ನಡೆದಿರುತ್ತದೆ. ನಡುರಾತ್ರಿ ಬಾಗಿಲು ಬಡಿದರೆ ಕಾರಿನವನು ಎದ್ದು ಬರುತ್ತಾನೆ.